ದೊಡ್ಡಮ್ಮನ ತಲೆಸುತ್ತು, ಕಿವಿಯೊಳಗಿನ ಹರಳು

ತಲೆಸುತ್ತು ಅಂದ ತಕ್ಷಣ ನಮ್ಮ ಕಡೆ ಮೊದಲು ಬರುವ ಮಾತು ಪಿತ್ತ. ಆಮೇಲೆ ಬಿಪಿ. ಅದೂ ಅಲ್ಲ ಅಂದರೆ ಕತ್ತಿನ ಮೂಳೆ ಸವೆದಿದೆ. ತಿಪಟೂರಿನ ನಮ್ಮ ದೊಡ್ಡಮ್ಮನಿಗೆ ಈ ಮೂರೂ ಆಯಿತು. ಜೀರಿಗೆ ಕಷಾಯ ಕುಡಿದರು, ಕತ್ತಿಗೆ ಕಾಲರ್ ಹಾಕಿಕೊಂಡರು, ತಲೆಯ ಸ್ಕ್ಯಾನ್ ಮಾಡಿಸಿ ರಿಪೋರ್ಟ್ ನಾರ್ಮಲ್ ಅಂತಲೂ ಬಂತು, ಆದರೆ ಬೆಳಗಿನ ಜಾವ ಬಲಮಗ್ಗುಲಿಗೆ ಹೊರಳಿದರೆ ಸಾಕು, ಇಡೀ ಕೋಣೆ ಗಿರ್ರನೆ ತಿರುಗುವುದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಮಲಗುವುದಕ್ಕೇ ಹೆದರಿ ಗೋಡೆಗೆ ದಿಂಬು ಇಟ್ಟುಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು. ಅರವತ್ತು ದಾಟಿದರೂ ತೆಂಗಿನ ತೋಟದ ಲೆಕ್ಕವೆಲ್ಲ ನೋಡಿಕೊಳ್ಳುವ ಹೆಂಗಸು ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಮಾತ್ರೆಯಂತೂ ಮೂರು ಹೊತ್ತೂ ನಡೆಯುತ್ತಿತ್ತು. ಹಿಂದೊಮ್ಮೆ ಹೀಗೇ ಆಗಿದ್ದಾಗ ಅದೇ ಮಾತ್ರೆ ನುಂಗಿ ಕೆಲವು ವಾರದಲ್ಲಿ ಸರಿಹೋಗಿತ್ತಂತೆ. "ಹೋದ ಸಲ ಇದರಲ್ಲೇ ಹೋಯ್ತಲ್ಲ, ಸುಮ್ನೆ ಮೈಸೂರಿಗೆ ಯಾಕೆ?" ಅನ್ನುವುದು ದೊಡ್ಡಪ್ಪನ ವಾದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಇದಕ್ಕೆ ಬರುತ್ತೇನೆ.

ಅಂತೂ ಮೈಸೂರಿಗೆ ಕರೆದುಕೊಂಡು ಹೋದೆ. ಇಎನ್‌ಟಿ ಓಪಿಡಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ನಾವು ತಂದಿದ್ದ ಫೈಲನ್ನು ಪಕ್ಕಕ್ಕಿಟ್ಟು, "ಅಮ್ಮಾ, ಸುತ್ತು ಬಂದಾಗ ಎಷ್ಟು ಹೊತ್ತು ಇರುತ್ತೆ? ಗಂಟೆಗಟ್ಟಲೆನಾ, ಅರ್ಧ ನಿಮಿಷನಾ?" ಅಂತ ಕೇಳಿದರು. ದೊಡ್ಡಮ್ಮ ಸ್ವಲ್ಪ ಯೋಚಿಸಿ, "ಅರ್ಧ ನಿಮಿಷ ಇರಬಹುದು ಕಣಪ್ಪ, ಹೊರಳಿದಾಗ, ಮೇಲಿನ ಡಬ್ಬಿ ತೆಗೆಯೋಕೆ ತಲೆ ಎತ್ತಿದಾಗ, ಆಗ ಮಾತ್ರ" ಅಂದರು. ಅಲ್ಲಿಯವರೆಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕಿವಿ ಕೇಳಿಸುವುದು ಕಮ್ಮಿ ಆಗಿದೆಯಾ, ಮಾತು ತೊದಲಿತ್ತಾ, ಕೈಕಾಲು ಬಲ ಇಲ್ಲ ಅನ್ನಿಸಿತ್ತಾ, ವಸ್ತು ಎರಡೆರಡು ಕಾಣಿಸಿತ್ತಾ ಅಂತಲೂ ಕೇಳಿದರು. ಅವು ಇದ್ದರೆ ಅದು ಬೇರೆಯೇ ದಾರಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಬೇಕಾಗುತ್ತದೆ. ಇವರಿಗೆ ಒಂದೂ ಇರಲಿಲ್ಲ.

ಆಮೇಲೆ ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಹಿಡಿದುಕೊಂಡೇ ಬೇಗ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ. "ಕಣ್ಣು ಮುಚ್ಚಬೇಡಿ ಅಮ್ಮಾ, ನನ್ನ ಹಣೆ ನೋಡ್ತಿರಿ." ಕೆಲವು ಸೆಕೆಂಡ್ ಏನೂ ಇಲ್ಲ. ಆಮೇಲೆ ದೊಡ್ಡಮ್ಮನ ಕಣ್ಣುಗುಡ್ಡೆಗಳು ತಾವಾಗಿಯೇ ಪಟಪಟ ತಿರುಚಿಕೊಳ್ಳಲು ಶುರುವಾದವು, ನನ್ನ ಕೈಯನ್ನು ಉಗುರು ಇಳಿಯುವ ಹಾಗೆ ಹಿಡಿದುಕೊಂಡರು, ಮತ್ತೆ ತಾನಾಗಿಯೇ ನಿಂತಿತು. "ಬಲಗಿವಿ" ಅಂದರು ಡಾಕ್ಟರು. ರೋಗ ಗೊತ್ತಾಯಿತು. ಈ ಪರೀಕ್ಷೆಗೆ ಮಷೀನು ಬೇಡ, ಮಂಚ ಮತ್ತು ನೋಡುವ ಕಣ್ಣು ಸಾಕು. ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ಇದನ್ನು 1952ರಲ್ಲೇ ಬರೆದಿಟ್ಟಿದ್ದಾರೆ. ನಮ್ಮೂರಿಗೆ ಬರಲು ಇನ್ನೂ ಎಷ್ಟು ವರ್ಷ ಬೇಕು ಅಂತ ನನಗೆ ಆವತ್ತು ಸಿಟ್ಟೇ ಬಂತು.

ರೋಗದ ಹೆಸರು ಬಿಪಿಪಿವಿ, ಅಂದರೆ ತಲೆಯ ಭಂಗಿ ಬದಲಾದಾಗ ಸ್ವಲ್ಪ ಹೊತ್ತು ಬಂದು ಹೋಗುವ ತಲೆಸುತ್ತು. ಒಳಗಿವಿಯಲ್ಲಿ ಸಮತೋಲ ನೋಡಿಕೊಳ್ಳುವ ಜಾಗದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಸಣ್ಣ ಹರಳುಗಳಿರುತ್ತವೆ. ವಯಸ್ಸಾದಾಗ, ತಲೆಗೆ ಪೆಟ್ಟು ಬಿದ್ದಾಗ, ಕೆಲವೊಮ್ಮೆ ಕಾರಣವೇ ಗೊತ್ತಾಗದೆ, ಅವು ಕಿತ್ತುಕೊಂಡು ಪಕ್ಕದ ಅರ್ಧವೃತ್ತದ ನಾಳದೊಳಗೆ ಹೋಗಿ ಸೇರಿಕೊಳ್ಳುತ್ತವೆ. ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪಿನೊಳಗೆ ಮರಳು ಸೇರಿಕೊಂಡ ಹಾಗೆ. ತಲೆ ಅಲುಗಿದಾಗ ಹರಳು ಜಾರುತ್ತದೆ, ನಾಳದ ದ್ರವ ಸುಮ್ಮನೆ ಹರಿಯುತ್ತದೆ, ಮೆದುಳಿಗೆ ತಲೆ ಗಿರಗಿರ ತಿರುಗುತ್ತಿದೆ ಅನ್ನುವ ಸುಳ್ಳು ಸುದ್ದಿ ಹೋಗುತ್ತದೆ. ಹಾಗಾದರೆ ಮಾತ್ರೆ ಏನು ಮಾಡೀತು? ಹರಳನ್ನು ಜಾಗ ಬಿಡಿಸುವ ಶಕ್ತಿ ಅದಕ್ಕಿಲ್ಲ.

ಹರಳನ್ನು ಹೊರಗೆ ಜಾರಿಸುವ ಉಪಾಯ ಕಂಡುಹಿಡಿದವರು ಅಮೆರಿಕದ ಪೋರ್ಟ್‌ಲ್ಯಾಂಡಿನ ಜಾನ್ ಎಪ್ಲಿ. ಆಗೆಲ್ಲ ಈ ತಲೆಸುತ್ತು ಜಾಸ್ತಿಯಾದವರಿಗೆ ಒಳಗಿವಿಯ ನರ ಕತ್ತರಿಸುವ ಆಪರೇಷನ್ ಕೂಡ ಇತ್ತು. ಬರೀ ತಲೆ ತಿರುಗಿಸಿ ವಾಸಿ ಮಾಡುತ್ತೇನೆ ಅಂತ ಎಪ್ಲಿ 1980ರಲ್ಲಿ ಹೇಳಿದಾಗ ಬೇರೆ ಡಾಕ್ಟರುಗಳು ನಂಬಲಿಲ್ಲ, ನಕ್ಕರು. ಅವರ ಲೇಖನ ಅಚ್ಚಾಗಿದ್ದು 1992ರಲ್ಲಿ.

ಆದರೆ ಒಬ್ಬ ಡಾಕ್ಟರು ನನ್ನ ರೋಗಿಗಳೆಲ್ಲ ವಾಸಿಯಾದರು ಅಂದರೆ ಸಾಲದು. ಯಾಕೆ ಸಾಲದು ಅನ್ನುವುದು ದೊಡ್ಡಪ್ಪನ ಮಾತಿನಲ್ಲೇ ಇದೆ. ಈ ಕಾಯಿಲೆ ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ. ಆ ಸಮಯಕ್ಕೆ ಏನು ತಗೊಂಡಿದ್ದೆವೋ, ಕಷಾಯವೋ ಮಾತ್ರೆಯೋ ಹರಕೆಯೋ, ವಾಸಿ ಮಾಡಿದ ಹೆಸರು ಅದಕ್ಕೆ ಬರುತ್ತದೆ. ಹಾಗಾಗಿ ಸಂಶೋಧಕರು ರೋಗಿಗಳನ್ನು ಚೀಟಿ ಎತ್ತಿದ ರೀತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಪ್ಲಿ ಕ್ರಮ, ಇನ್ನೊಂದಕ್ಕೆ ಅದೇ ಥರ ಕಾಣುವ ತೋರಿಕೆಯ ಚಿಕಿತ್ಸೆ ಕೊಟ್ಟರು. ಒಂದು ಅಧ್ಯಯನದಲ್ಲಂತೂ ತೊಂದರೆ ಇಲ್ಲದ ಕಿವಿಯ ಕಡೆಗೇ ಮಾಡಿದರು. ರೋಗಿಗೆ ಯಾವುದು ಅಸಲಿ ಅಂತ ಗೊತ್ತಾಗಬಾರದಲ್ವಾ? ಎಪ್ಲಿ ಕ್ರಮದ ಬಗ್ಗೆ ನಡೆದ 11 ಅಧ್ಯಯನಗಳ 745 ರೋಗಿಗಳ ಲೆಕ್ಕವನ್ನು, ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಹಾಕಿ ತೂಗುವ ಕಾಕ್ರೇನ್ ಸಂಸ್ಥೆ 2014ರಲ್ಲಿ ನೋಡಿತು. ಅವುಗಳಲ್ಲಿ ಇದನ್ನು ಅಳೆದ 5 ಅಧ್ಯಯನಗಳಲ್ಲಿ, ತೋರಿಕೆಯ ಚಿಕಿತ್ಸೆ ಪಡೆದವರು ಅಥವಾ ಎಪ್ಲಿ ಮಾಡಿಸಿಕೊಳ್ಳದವರಲ್ಲಿ ತಲೆಸುತ್ತು ಪೂರ್ತಿ ಹೋದದ್ದು ನೂರಕ್ಕೆ 21 ಜನರಿಗೆ, ಎಪ್ಲಿ ಮಾಡಿಸಿಕೊಂಡವರಲ್ಲಿ 56 ಜನರಿಗೆ. ಹೋದ ಸಲ ದೊಡ್ಡಮ್ಮ ಬಹುಶಃ ಆ 21ರ ಥರದವರು, ಮಾತ್ರೆಗೆ ಪುಕ್ಕಟೆ ಹೆಸರು ಬಂತು.

ಮತ್ತೆ ದೊಡ್ಡಮ್ಮನ ಮಂಚಕ್ಕೆ ಬರೋಣ. ಉಳಿದದ್ದು ಈ ಎಪ್ಲಿ ಕ್ರಮ, ಕೆಲವೇ ನಿಮಿಷದ ಕೆಲಸ. ಬಲಕ್ಕಿದ್ದ ತಲೆಯನ್ನು ಎಡಕ್ಕೆ ತಿರುಗಿಸಿ ಕಾದರು. ಎಡಮಗ್ಗುಲಿಗೆ ಹೊರಳಿಸಿ, ಮುಖ ನೆಲದ ಕಡೆ ಬರುವ ಹಾಗೆ ಮಾಡಿ ಮತ್ತೆ ಕಾದರು. ಆಮೇಲೆ ಮೆಲ್ಲಗೆ ಎಬ್ಬಿಸಿ ಕೂರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಲಗಿಸಿ ಪರೀಕ್ಷೆ ಮಾಡಿದಾಗ ಕಣ್ಣು ಅಲುಗಲಿಲ್ಲ. ದೊಡ್ಡಮ್ಮ ತಾವೇ ಇನ್ನೊಂದು ಸಲ ಬಲಕ್ಕೆ ಹೊರಳಿ ನೋಡಿದರು. "ಇಷ್ಟೇನಾ?" ಅಂದು ಅತ್ತುಬಿಟ್ಟರು.

ಮತ್ತೆ ಬರಬಹುದು ಅಂತ ಡಾಕ್ಟರು ಅವತ್ತೇ ಹೇಳಿದ್ದರು. ವಿಟಮಿನ್ ಡಿ ಪರೀಕ್ಷೆ ಮಾಡಿಸಿದರು, ಕಡಿಮೆ ಇತ್ತು. ಕೊರಿಯಾದ 8 ಆಸ್ಪತ್ರೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಟಮಿನ್ ಡಿ ಕಡಿಮೆ ಇದ್ದವರಿಗೆ ಅದನ್ನೂ ಕ್ಯಾಲ್ಸಿಯಮ್ಮನ್ನೂ ಕೊಟ್ಟಾಗ ಮರುಕಳಿಸುವುದು ತಕ್ಕಮಟ್ಟಿಗೆ ಕಡಿಮೆಯಾಗಿತ್ತು. ತಲೆಸುತ್ತಿನ ಮಾತ್ರೆಯನ್ನು ನಿಲ್ಲಿಸಿದರು. ಬಿಪಿಪಿವಿಗೆ ಅದನ್ನು ವಾಡಿಕೆಯಂತೆ ಕೊಡಬೇಡಿ ಅಂತ ಅಮೆರಿಕದ ಇಎನ್‌ಟಿ ವೈದ್ಯರ ಸಂಘದ 2017ರ ಮಾರ್ಗಸೂಚಿಯೇ ಹೇಳುತ್ತದೆ. ಬೇರೆ ಲಕ್ಷಣ ಇಲ್ಲದಿದ್ದರೆ ಸ್ಕ್ಯಾನ್ ಕೂಡ ಬೇಡ ಅನ್ನುತ್ತದೆ.

ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡಿಕೊಳ್ಳುವವರು ಇದ್ದಾರೆ. ಯಾವ ಕಿವಿ, ಯಾವ ನಾಳ ಅಂತ ಮೊದಲು ಡಾಕ್ಟರು ನೋಡಲಿ, ಕತ್ತಿನ ತೊಂದರೆ ಇರುವವರಂತೂ ತಾವಾಗಿ ಕೈ ಹಾಕಬೇಡಿ. ಆದರೆ ಇದು ಪಿಎಚ್‌ಸಿಯಲ್ಲೇ ಆಗುವಂಥ ಕೆಲಸ. ಮಂಚ ಅಲ್ಲೂ ಇದೆ. ಡಾಕ್ಟರುಗಳಿಗೆ ಕಲಿಸಿದರೆ ತಿಪಟೂರಿನವರು ಇದಕ್ಕಾಗಿ ಮೈಸೂರಿನ ಬಸ್ಸು ಹತ್ತಬೇಕಿಲ್ಲ. ದೊಡ್ಡಮ್ಮ ಈಗ ತೋಟಕ್ಕೆ ಬರುವ ಹೆಂಗಸರು ಯಾರೇ ತಲೆಸುತ್ತು ಅಂದರೂ ಮೊದಲು ಕೇಳುವುದು, "ಹೊರಳಿದಾಗ ಬರುತ್ತಾ, ಅರ್ಧ ನಿಮಿಷ ಇರುತ್ತಾ?" ಅಂತ.