ಬಾಗದ ಕೊರಳು, ಬಾಕಿ ಹರಕೆ

ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಯಾರಿಗಾದರೂ ದೊಡ್ಡ ಆಪರೇಷನ್ ಎಂದು ದಿನ ಗೊತ್ತಾದರೆ, ಅದರ ಹಿಂದಿನ ಸಂಜೆಯೇ ದೇವರ ಗೂಡಿನಲ್ಲಿ ಒಂದು ಮುಡಿಪು ಕೂತಿರುತ್ತದೆ. ಅಂಗೈ ಅಗಲದ ಬಿಳಿ ಬಟ್ಟೆಯನ್ನು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿ, ನಡುವೆ ಒಂದು ನಾಣ್ಯ, ನಾಲ್ಕು ಕಾಳು ಅಕ್ಷತೆ ಇಟ್ಟು ಗಂಟು ಹಾಕಿದರೆ ಮುಗಿಯಿತು. ಗಂಟು ಹಗುರ. ಕಟ್ಟುವಾಗ ಬಾಯಿಂದ ಬರುವ ಮಾತು ಹಗುರವಲ್ಲ: "ತಾಯೀ, ಇವರನ್ನ ಎಬ್ಬಿಸಿ ಓಡಾಡಿಸು, ಉರುಳು ಸೇವೆ ಮಾಡಿಸ್ತೀನಿ, ದೇವೀರಮ್ಮನ ಬೆಟ್ಟ ಹತ್ತಿಸ್ತೀನಿ, ಮುಡಿ ಕೊಡಿಸ್ತೀನಿ."

ಹರಕೆ ಹೊತ್ತವರು ಒಬ್ಬರು, ತೀರಿಸಬೇಕಾದ ಮೈ ಇನ್ನೊಬ್ಬರದು. ಬೇರೆ ಆಪರೇಷನ್ನಾದರೆ ಹೇಗೋ ನಡೆದೀತು, ಕುತ್ತಿಗೆಯದ್ದೇ ಬೇರೆ ಲೆಕ್ಕ. ನಮ್ಮ ಭಕ್ತಿಯ ಭಂಗಿಗಳೆಲ್ಲ ಕೊರಳನ್ನೇ ನೆಚ್ಚಿಕೊಂಡಿವೆ. ತಲೆ ಬಾಗಬೇಕು, ತಲೆ ಎತ್ತಿ ಗೋಪುರ ನೋಡಬೇಕು, ಗಂಟೆಗೆ ಕೈ ಚಾಚಬೇಕು, ಗರ್ಭಗುಡಿಯ ತಗ್ಗು ಬಾಗಿಲಲ್ಲಿ ಬಗ್ಗಿ ಇಣುಕಬೇಕು. ಆಪರೇಷನ್ ಆದ ಕೊರಳಿಗೆ ಸರ್ಜನ್ ಬೇಡವೆಂದು ಹೇಳಿ ಕಳಿಸುವುದೂ ಹೆಚ್ಚುಕಡಿಮೆ ಇದೇ ಪಟ್ಟಿಯನ್ನು.

ಅದಕ್ಕೆ ಕಾರಣವಿದೆ. ಸಾಮಾನ್ಯವಾಗಿ ಮಾಡುವ ಆಪರೇಷನ್ನಿನಲ್ಲಿ ಕತ್ತಿನ ಮುಂಭಾಗದಲ್ಲಿ ಕೊಯ್ದು, ನರವನ್ನು ಒತ್ತುತ್ತಿದ್ದ ಡಿಸ್ಕ್ (ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ) ತೆಗೆದು, ಆ ಜಾಗಕ್ಕೆ ಮೂಳೆಯ ಚೂರನ್ನೋ ಕೇಜ್ ಎಂಬ ಚಿಕ್ಕ ಆಸರೆಯನ್ನೋ ಕೂರಿಸಿ, ಮೇಲಿನ ಮತ್ತು ಕೆಳಗಿನ ಮಣಿಗಳಿಗೆ ಪ್ಲೇಟ್ ಸೇರಿಸಿ ಸ್ಕ್ರೂ ಬಿಗಿಯುತ್ತಾರೆ. ಕುತ್ತಿಗೆಯ 5–6 ಮತ್ತು 6–7ನೇ ಮಣಿಗಳ ನಡುವೆ ಇದು ಹೆಚ್ಚು. ಬಹಳಷ್ಟು ಜನ ಮರುದಿನವೇ ಎದ್ದು ನಡೆಯುತ್ತಾರೆ, ಎರಡು ಮೂರು ದಿನದಲ್ಲಿ ಮನೆಗೂ ಬರುತ್ತಾರೆ. ಮನೆಯವರು ಮೋಸ ಹೋಗುವುದು ಇಲ್ಲೇ. ನಡೆದಾಡುತ್ತಿದ್ದಾರೆ ಎಂದ ಮಾತ್ರಕ್ಕೆ ಮೂಳೆ ಕೂಡಿದೆ ಎಂದಲ್ಲ. ಮಣಿಗಳು ಒಂದಾಗಲು 3ರಿಂದ 6 ತಿಂಗಳು ಬೇಕು, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಅಲ್ಲಿಯವರೆಗೆ ಮಣಿಗಳನ್ನು ಅಲ್ಲಾಡದಂತೆ ಹಿಡಿದಿಡುವುದು ಪ್ಲೇಟ್, ಸ್ಕ್ರೂಗಳೇ. ಕತ್ತು ಮತ್ತೆ ಮತ್ತೆ ಜೋರಾಗಿ ಅಲ್ಲಾಡಿದರೆ ಸ್ಕ್ರೂ ಸಡಿಲವಾಗಬಹುದು, ಮೂಳೆ ಕೂಡದೆಯೇ ಉಳಿಯಬಹುದು. ಬೀಡಿ ಸಿಗರೇಟು ಸೇದುವವರಲ್ಲಿ ಹೀಗಾಗುವುದು ಹೆಚ್ಚು. ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪಿನಲ್ಲೂ ಅದೇ ನಿಕೋಟಿನ್ ಇದೆ. ಹರಕೆಯೆಂದು ಏನನ್ನಾದರೂ ಬಿಡುವುದಿದ್ದರೆ ಮೊದಲು ಬಿಡಬೇಕಾದ್ದು ಇದನ್ನು.

ಈಗ ಹಾಸನಾಂಬೆಯ ಮಾತು. ಆಶ್ವಯುಜ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ, ಅರಸು ಮನೆತನದವರು ಬಾಳೆಕಂದು ಕಡಿದ ಮೇಲೆ ಗರ್ಭಗುಡಿಯ ಬಾಗಿಲು ತೆರೆಯುತ್ತದೆ. ಬಲಿಪಾಡ್ಯಮಿಯ ಹೊತ್ತಿಗೆ ಮುಚ್ಚುವ ತಯಾರಿ. ಮೊದಲ ದಿನ ಮತ್ತು ಕೊನೆಯ ದಿನ ಸಾರ್ವಜನಿಕರಿಗೆ ದರ್ಶನವಿಲ್ಲ. ಸಪ್ತಮಾತೃಕೆಯರಲ್ಲಿ ವೈಷ್ಣವಿ, ಕೌಮಾರಿ, ಮಾಹೇಶ್ವರಿ ಹುತ್ತದ ರೂಪದಲ್ಲಿ ಇಲ್ಲಿ ನೆಲೆಸಿದ್ದಾರೆಂದೂ, ವರ್ಷದ ಕೆಳಗೆ ಹಚ್ಚಿಟ್ಟ ದೀಪ ಬಾಗಿಲು ತೆರೆದಾಗಲೂ ಉರಿಯುತ್ತಿರುತ್ತದೆಂದೂ ನಂಬಿಕೆ. ಇಷ್ಟೇ ದಿನ ತೆರೆದಿರುವ ಬಾಗಿಲಾದ್ದರಿಂದ "ಈ ಸಲ ತಪ್ಪಿದರೆ ಇನ್ನೊಂದು ವರ್ಷ" ಎಂಬ ಅವಸರ ಎಲ್ಲರಿಗೂ. ಆಪರೇಷನ್ ಆಗಿ ಎರಡು ತಿಂಗಳೂ ತುಂಬದವರನ್ನು ಕೊರಳಿಗೆ ಕಟ್ಟುವ ಆಸರೆ ಪಟ್ಟಿ, ಅಂದರೆ ಕಾಲರ್ ಸಮೇತ ಸಾಲಿಗೆ ತಂದು ನಿಲ್ಲಿಸುವುದು ಈ ಅವಸರಕ್ಕೇ.

ಆ ಸಾಲು ಎಂಥದ್ದೆಂದು ಹೋದವರಿಗೆ ಗೊತ್ತು. ಧರ್ಮದರ್ಶನಕ್ಕೆ ಗಂಟೆಗಟ್ಟಲೆ ನಿಲ್ಲಬೇಕು. ನೈವೇದ್ಯದ ಹೊತ್ತಿಗೆ ದರ್ಶನ ನಿಲ್ಲಿಸಿದರೆ ಸಾಲು ಇದ್ದಲ್ಲೇ ನಿಲ್ಲುತ್ತದೆ, ಮತ್ತೆ ಬಿಟ್ಟಾಗ ಒಮ್ಮೆಲೇ ಹಿಂದಿನಿಂದ ತಳ್ಳು. ಆ ತಳ್ಳಿನಲ್ಲಿ ಕತ್ತು ಮುಂದಕ್ಕೆ ಜಗ್ಗಿ ಹಿಂದಕ್ಕೆ ಬರುತ್ತದಲ್ಲ, ಅದೇ ಅಪಾಯ. 300 ಮತ್ತು 1000 ರೂಪಾಯಿಯ ಟಿಕೆಟ್ ಸಾಲುಗಳು ಚಿಕ್ಕವಾದರೂ ನೂಕುನುಗ್ಗಲು ಅಲ್ಲೂ ಇಲ್ಲದೇ ಇಲ್ಲ. ವೃದ್ಧರಿಗೂ ಅಂಗವಿಕಲರಿಗೂ ಯಾವ ದ್ವಾರ ಎಂಬ ವ್ಯವಸ್ಥೆ ವರ್ಷ ವರ್ಷ ಬದಲಾಗುತ್ತದೆ. ಹೊರಡುವ ಮುಂಚೆ ಆ ವರ್ಷದ್ದನ್ನು ವಿಚಾರಿಸಿ, ಡಿಸ್ಚಾರ್ಜ್ ಚೀಟಿಯ ನಕಲು ಜೇಬಿನಲ್ಲಿಟ್ಟುಕೊಳ್ಳಬೇಕು. ಶನಿವಾರ, ಭಾನುವಾರ ಬೇಡವೇ ಬೇಡ. ಸಾಲಿನಲ್ಲಿ ರೋಗಿಯ ಹಿಂದೆ ಒಬ್ಬರು, ತಳ್ಳುವ ಕಡೆಯ ಪಕ್ಕದಲ್ಲಿ ಒಬ್ಬರು ಮನೆಯವರೇ ನಿಲ್ಲಬೇಕು. ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಅಭಿಪ್ರಾಯ ಒಂದೇ: ಮೂಳೆ ಕೂಡಿದೆ ಎಂದು ಎಕ್ಸ್‌ರೇ ನೋಡಿ ಸರ್ಜನ್ ಹೇಳುವ ಮೊದಲು ಆ ಸಾಲು ಬೇಡ. ಮಡಿಲಕ್ಕಿಯನ್ನು ಮನೆಯವರು ಕೊಂಡುಹೋಗಿ ಅರ್ಪಿಸಲಿ, ಸಂಕಲ್ಪ ರೋಗಿಯ ಹೆಸರಲ್ಲಾಗಲಿ. ಹೆಸರು, ನಕ್ಷತ್ರ, ಗೋತ್ರ ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು. (ಹುಂಡಿ ಎಣಿಸುವಾಗ ಪಾಸು ಮಾಡಿಸು, ಮದುವೆ ಮಾಡಿಸು ಎಂಬ ಚೀಟಿಗಳೇ ಪ್ರತಿವರ್ಷ ಸುದ್ದಿಯಾಗುತ್ತವೆ. ತಾಯಿಗೆ ಚೀಟಿ ಓದುವುದು ಹೊಸದಲ್ಲ.)

ಮಡಿಲಕ್ಕಿಯ ಚೀಲವನ್ನೂ ಒಮ್ಮೆ ತೂಗಿ ನೋಡಬೇಕು. ಒಂದು ಕಿಲೋ ಅಕ್ಕಿ, ಎರಡು ತೆಂಗಿನಕಾಯಿ, ಸೀರೆ, ಕಣ, ಬೆಲ್ಲದಚ್ಚು, ಬಾಳೆಹಣ್ಣು, ಬಳೆ, ಅರಿಶಿನ ಕುಂಕುಮ ಸೇರಿದರೆ ಮೂರು ಕಿಲೋಗೆ ಮೋಸವಿಲ್ಲ. ಮೊದಲ ಆರು ವಾರ ಸಾಮಾನ್ಯವಾಗಿ ಎರಡು ಮೂರು ಕಿಲೋಗಿಂತ ಹೆಚ್ಚು ಎತ್ತಬೇಡಿ ಎನ್ನುತ್ತಾರೆ. ಅಂದರೆ ದೇವರಿಗೆ ಒಯ್ಯುವ ಚೀಲವೇ ಮಿತಿ ಮೀರಿತು. ಹೊರುವುದು ಬೇರೆಯವರ ಕೆಲಸ. ರೋಗಿ ಮೇಲಿನ ವೀಳ್ಯದೆಲೆಯನ್ನು ಮುಟ್ಟಿ ಕೊಟ್ಟರೆ ಆಯಿತು.

ದೇವಸ್ಥಾನದ ಒಳಗೆ ಎಡವಟ್ಟಾಗುವ ಜಾಗಗಳು ಇನ್ನೂ ಇವೆ. ಸಾಷ್ಟಾಂಗ, ಉರುಳು ಸೇವೆ ಎರಡಂತೂ ಇಲ್ಲ. ಉರುಳು ಸೇವೆ ಮೂಳೆ ಕೂಡಿದ ಮೇಲೂ ಬೇಡ, ಏಕೆಂದರೆ ಪ್ಲೇಟ್ ಹಾಕಿದ ಮಣಿಗಳು ತಿರುಗದಿದ್ದಾಗ ಅವುಗಳ ಮೇಲಿನ ಕೆಳಗಿನ ಮಣಿಗಳಿಗೆ ಹೆಚ್ಚಿನ ಒತ್ತಡ ಬೀಳುತ್ತದೆ. ನಿಂತು, ಬೆನ್ನು ನೇರವಾಗಿಟ್ಟು, ಕೈಮುಗಿದು ಕಣ್ಣು ಮಾತ್ರ ಕೆಳಗಿಳಿಸಿದರೂ ನಮಸ್ಕಾರವೇ. ತೀರ್ಥವನ್ನು ತಲೆ ಹಿಂದಕ್ಕೆ ಚೆಲ್ಲಿ ಬಾಯಿಗೆ ಎತ್ತಿ ಹಾಕಿಕೊಳ್ಳುವ ಅಭ್ಯಾಸ ಹಲವರಿಗೆ. ಅದು ಎರಡು ರೀತಿಯಲ್ಲಿ ಕೆಟ್ಟದ್ದು: ಕತ್ತು ಹಿಂದಕ್ಕೆ ವಾಲುತ್ತದೆ, ಮುಂದಿನಿಂದ ಆಪರೇಷನ್ ಆದವರಿಗೆ ಕೆಲವು ವಾರ ನುಂಗುವುದು ಕಷ್ಟವಿರುವುದರಿಂದ ನೀರು ನೆತ್ತಿಗೇರುತ್ತದೆ. ಅಂಗೈಯನ್ನೇ ತುಟಿಗೆ ತಂದು, ಗದ್ದ ಸ್ವಲ್ಪ ಒಳಗಿಟ್ಟು, ಒಂದೇ ಹನಿ. ವೈಷ್ಣವ ದೇವಸ್ಥಾನಗಳಲ್ಲಿ ದೇವರ ಪಾದದ ಗುರುತಿರುವ ಶಠಾರಿಯನ್ನು ತಲೆಗೆ ಇಡುವಾಗ ತಲೆ ತಾನಾಗಿಯೇ ಬಗ್ಗುತ್ತದೆ. ಅರ್ಚಕರಿಗೆ ಮೊದಲೇ "ಸ್ವಾಮಿ, ಕತ್ತಿನ ಆಪರೇಷನ್ ಆಗಿದೆ, ಸುಮ್ಮನೆ ಮುಟ್ಟಿಸಿ ಸಾಕು" ಎಂದರೆ ಯಾರೂ ಬೇಸರಪಡುವುದಿಲ್ಲ. ಹಾರ ಹಾಕಲು ಬಂದರೆ ಕೈಯಲ್ಲಿ ತೆಗೆದುಕೊಳ್ಳಿ. ಗಂಟೆ ಬಾರಿಸುವುದು, ಈಡುಗಾಯಿ ಒಡೆಯುವುದು ಮಕ್ಕಳಿಗೆ ಬಿಡಿ; ಕೈಯನ್ನು ತಲೆಯ ಮೇಲಕ್ಕೆತ್ತಿ ಬೀಸುವ ಕೆಲಸವದು. ಗಾಯದ ಗೆರೆಗೆ ಗಂಧ, ವಿಭೂತಿ, ಅರಿಶಿನ ಯಾವುದನ್ನೂ ಸೋಕಿಸಬಾರದು. ಹೊಲಿಗೆಯ ಜಾಗಕ್ಕೆ ಅರಿಶಿನ ಒಳ್ಳೆಯದೆಂದು ಹಚ್ಚಿ ಕೀವು ಮಾಡಿಕೊಳ್ಳುವವರಿದ್ದಾರೆ. ಮುಡಿ ಕೊಡುವ ಹರಕೆಯಿದ್ದರೆ ಕ್ಷೌರಿಕ ತಲೆ ಬಗ್ಗಿಸಿ ಹಿಡಿಯುತ್ತಾನೆ, ಆದ್ದರಿಂದ ಸದ್ಯಕ್ಕೆ ಮೂರು ಕತ್ತರಿ ಕೂದಲು ಕೊಟ್ಟು ಪೂರ್ತಿ ಮುಡಿಯನ್ನು ಮುಂದಕ್ಕೆ ಹಾಕಬಹುದು.

ಬೇಲೂರಿಗೆ ಹೋದವರು ತಲೆ ಎತ್ತದೆ ಇರಲಾರರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರಿರುವುದು ಚಾವಣಿಯಂಚಿನ ಕೆಳಗೆ, ನವರಂಗದ (ಒಳಮಂಟಪದ) ಭುವನೇಶ್ವರಿ ಎಂಬ ಕೆತ್ತನೆಯ ಚಾವಣಿ ನೆತ್ತಿಯ ಮೇಲೆ. ಒಂದು ಸಣ್ಣ ಕನ್ನಡಿಯನ್ನು ಎದೆಯ ಮಟ್ಟದಲ್ಲಿ ಅಡ್ಡಲಾಗಿ ಹಿಡಿದರೆ ಚಾವಣಿಯ ಕೆತ್ತನೆ ಅದರೊಳಗೆ ಇಳಿದು ಬರುತ್ತದೆ. ಕನ್ನಡಿ ತುಸು ಮೇಲಿದ್ದಷ್ಟೂ ಕಣ್ಣಿಳಿಸಿದರೆ ಸಾಕು, ಕತ್ತು ಬಗ್ಗುವುದಿಲ್ಲ. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲೂ ಆಗುತ್ತದೆ, ಆದರೆ ಕನ್ನಡಿಯಲ್ಲಿ ಚೆಂದ.

ಇವೆಲ್ಲ ಒಂದು ದಿನದ ಮಾತು. ಸೇವೆ ನಿಜವಾಗಿ ನಡೆಯುವುದು ಮನೆಯಲ್ಲಿ. ದೇವರಿಗೆ ಷೋಡಶೋಪಚಾರವೆಂದು ಹದಿನಾರು ಬಗೆ ಹೇಳುತ್ತೇವಲ್ಲ, ಆಸನ, ಸ್ನಾನ, ವಸ್ತ್ರ, ನೈವೇದ್ಯ ಎಂದು, ಕುತ್ತಿಗೆಯ ಆಪರೇಷನ್ ಆದವರ ಮನೆಯಲ್ಲಿ ಹೆಂಡತಿಯೋ ಮಗನೋ ಸೊಸೆಯೋ ಬೆಳಗಿನಿಂದ ಮಾಡುವುದು ಇದನ್ನೇ. ಆಸನವೆಂದರೆ ಕೈಯಾಸರೆಯಿರುವ, ಬೆನ್ನು ನೇರ ನಿಲ್ಲುವ ಎತ್ತರದ ಕುರ್ಚಿ. ಮೆತ್ತನೆ ಸೋಫಾದಲ್ಲಿ ಮೈ ಕುಸಿದು ಕತ್ತು ಮುಂದೆ ಬರುತ್ತದೆ. ಏಳಿಸುವಾಗ ಕೈ ಹಿಡಿದು ಎಳೆಯಬಾರದು. ಮಲಗಿದವರು ಮಂಡಿ ಮಡಿಸಿ, ಹೆಗಲು ಸೊಂಟ ಒಟ್ಟಿಗೇ ಮಗ್ಗುಲಾಗಿ, ಕಾಲನ್ನು ಮಂಚದಿಂದ ಇಳಿಬಿಡುತ್ತಾ ಮೊಣಕೈ ಊರಿ ಏಳಬೇಕು. ಉರುಳು ಸೇವೆ ಹಾಸಿಗೆಯಲ್ಲೇ ಆಯಿತೆಂದು ನಗುವ ಮನೆಗಳೂ ಇವೆ.

ಸ್ನಾನದಲ್ಲಿ ಚೊಂಬಿನ ನೀರನ್ನು ತಲೆಯ ಮೇಲೆ ಸುರಿದುಕೊಳ್ಳುವಂತಿಲ್ಲ. ಗಾಯ ಒದ್ದೆಯಾದರೂ ಪರವಾಗಿಲ್ಲ ಎಂದು ಡಾಕ್ಟರ್ ಹೇಳುವವರೆಗೆ ಹೆಗಲಿನ ಕೆಳಗಷ್ಟೇ ನೀರು, ಅದೂ ಇನ್ನೊಬ್ಬರ ಕೈಯಿಂದ. ವಸ್ತ್ರ ಮುಂದೆ ಗುಂಡಿಯಿರುವುದು. ಕಾಲರ್ ಎಷ್ಟು ವಾರ ಎನ್ನುವುದು ಸರ್ಜನ್ ಮಾತು, ಕೆಲವರು ಹಾಕಿಸುವುದೇ ಇಲ್ಲ. ಹಾಕಿದ್ದರೆ ದಿನಕ್ಕೊಮ್ಮೆ ಗದ್ದದ ಕೆಳಗೆ, ಕತ್ತಿನ ಹಿಂದೆ, ಹೆಗಲೆಲುಬಿನ ಮೇಲೆ ಚರ್ಮ ಕೆಂಪಾಗಿದೆಯೇ ಎಂದು ಬೇರೆಯವರೇ ನೋಡಬೇಕು. ಬೆವರು ನಿಂತರೆ ಹುಣ್ಣಾಗುತ್ತದೆ. ಸಡಿಲ ಕಟ್ಟಿದರೆ ಗದ್ದ ಒಳಗೆ ಜಾರುತ್ತದೆ, ಆಗ ಕಾಲರ್ ಇದ್ದೂ ಇಲ್ಲದಂತೆ.

ನೈವೇದ್ಯಕ್ಕೆ ಗಂಜಿ, ರಾಗಿ ಅಂಬಲಿ, ಮೆತ್ತಗೆ ಕಲಸಿದ ಮೊಸರನ್ನ, ಕಿವುಚಿದ ಬಾಳೆಹಣ್ಣು. ಮುದ್ದೆ ನುಂಗುವ ಊರಿನವರಿಗೆ ಇದು ಶಿಕ್ಷೆಯಂತೆ ಅನಿಸುತ್ತದೆ. ಆದರೂ ಗಂಟಲ ಊತ ಇಳಿಯುವವರೆಗೆ ಮುದ್ದೆ ಬೇಡ. ಆಮೇಲೂ ಮೊದಮೊದಲು ಕಡಲೆಕಾಳಿನಷ್ಟು ಚಿಕ್ಕ ತುತ್ತು, ಸಾರು ಹೆಚ್ಚು. ಉಂಡ ಮೇಲೆ ಅರ್ಧ ಗಂಟೆ ಕೂತೇ ಇರಬೇಕು. ಉಪವಾಸದ ಹರಕೆಯಿದ್ದರೆ ಮುಂದೂಡಿ: ಮೂಳೆ ಕೂಡಲು ಪ್ರೋಟೀನ್ ಬೇಕು, ನೋವಿನ ಮಾತ್ರೆ ಹಲವು ಬರಿ ಹೊಟ್ಟೆಗೆ ಆಗುವುದಿಲ್ಲ, ಸಕ್ಕರೆ ಕಾಯಿಲೆಯವರ ಮಾತಂತೂ ಹೇಳುವುದೇ ಬೇಡ.

ಒಂದು ಎಚ್ಚರ ಮನೆಮಂದಿಗೆಲ್ಲ ಗೊತ್ತಿರಬೇಕು. ಕತ್ತು ಊದಿ ಉಸಿರು ಕಟ್ಟಿದಂತಾದರೆ, ಕೈಕಾಲಿನ ಶಕ್ತಿ ಹೊಸದಾಗಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರದ ಜೊತೆ ಗಾಯ ಸೋರಿದರೆ, ಒಂದು ಮೀನಖಂಡ ಊದಿ ನೋಯತೊಡಗಿದರೆ ಅದು ಹಣೆಗೆ ಭಂಡಾರ ಹಚ್ಚಿ ಕಾಯುವ ಹೊತ್ತಲ್ಲ. ಹಬ್ಬದ ದಿನವಾದರೂ ಸರಿ, ಆ ಕ್ಷಣವೇ ಆಸ್ಪತ್ರೆಗೆ. ಬೆರಳಿನ ಜೋಮು ಹೋಗಲು ತಿಂಗಳುಗಳು ಬೇಕಾಗುವುದು ಬೇರೆ ವಿಷಯ, ಅದಕ್ಕೆ ಹೆದರಬೇಕಿಲ್ಲ.

ಚಿಕ್ಕಮಗಳೂರಿನವರ ಹರಕೆ ಹೆಚ್ಚಾಗಿ ಬಿಂಡಿಗದ ದೇವೀರಮ್ಮನಿಗೆ. ನರಕ ಚತುರ್ದಶಿಗೆ ಬರಿಗಾಲಲ್ಲಿ ಬೆಟ್ಟ ಹತ್ತುತ್ತಾರೆ, ತುಪ್ಪ, ಬಟ್ಟೆ, ಸೌದೆ ಹೊತ್ತು ತುದಿಯ ದೀಪಕ್ಕೆ ಕೊಡುತ್ತಾರೆ. ಕಡಿದಾದ ಮಣ್ಣಿನ ಹಾದಿ; ಹಿಂದಿನ ದಿನ ಮಳೆ ಬಿದ್ದಿದ್ದರೆ ಗಟ್ಟಿಮುಟ್ಟಾದವರೂ ಜಾರುತ್ತಾರೆ. ಜಾರಿದಾಗ ಮೈ ತಾನಾಗಿ ಹುಲ್ಲು, ಕೊಂಬೆ, ಮುಂದಿನವರ ಕೈ ಹೀಗೆ ಏನನ್ನಾದರೂ ಹಿಡಿದು ಜಗ್ಗುತ್ತದೆ. ಆಪರೇಷನ್ ಆದ ವರ್ಷ ಇದನ್ನು ಯೋಚಿಸಲೇಬಾರದು. ಮನೆಯ ಯಾರಾದರೂ ರೋಗಿಯ ಹೆಸರಿನ ತುಪ್ಪ ಹೊತ್ತು ಹತ್ತಲಿ, ರೋಗಿ ಬೆಟ್ಟದ ಬುಡದ ಬಿಂಡಿಗದ ಗುಡಿಯಲ್ಲಿ ಜನ ಕರಗಿದ ದಿನ ಪೂಜೆ ಮಾಡಿಸಲಿ. ಹರಕೆಯ ರೂಪ ಬದಲಾಯಿತೆಂದು ಮನಸ್ಸು ಕುಟುಕಿದರೆ ಹಿರಿಯರು ಮಾಡಿಟ್ಟ ದಾರಿಯಿದೆ: ತಪ್ಪುಕಾಣಿಕೆ ಕಟ್ಟಿಟ್ಟು, "ಮೈ ಬಂದಾಗ ಬರ್ತೀನಿ ತಾಯಿ" ಎಂದು ಹೇಳಿಕೊಳ್ಳುವುದು.

ಹೊರನಾಡಿನ ಅನ್ನಪೂರ್ಣೇಶ್ವರಿಯ ಹರಕೆಯಾದರೆ ದೇವಸ್ಥಾನಕ್ಕಿಂತ ದಾರಿಯೇ ಕಷ್ಟ. ಚಿಕ್ಕಮಗಳೂರಿನಿಂದ ಸುಮಾರು 100 ಕಿಲೋಮೀಟರ್, ಅದರಲ್ಲಿ ಬಹುಪಾಲು ತಿರುವು. ಬಸ್ಸಿನ ಹಿಂದಿನ ಸೀಟು ಬೇಡ, ಹಂಪಿನಲ್ಲಿ ಎತ್ತಿ ಹಾಕುತ್ತದೆ. ಕಾರಿನಲ್ಲಿ ಮುಂದಿನ ಸೀಟನ್ನು ತುಸು ಹಿಂದಕ್ಕೆ ವಾಲಿಸಿ, ಹೆಡ್‌ರೆಸ್ಟ್ ತಲೆಯ ಹಿಂಭಾಗಕ್ಕೆ ತಾಗುವಂತೆ ಏರಿಸಿ, ಬೆಲ್ಟಿನ ಪಟ್ಟಿ ಉಜ್ಜುವಲ್ಲಿ ಮಡಿಸಿದ ಟವೆಲ್ ಇಡಬೇಕು. ವಾಂತಿಯಾಗುವವರು ಮಾತ್ರೆಯನ್ನು ಡಾಕ್ಟರರನ್ನು ಕೇಳಿ ಹೊರಡುವ ಮೊದಲೇ ತೆಗೆದುಕೊಳ್ಳಲಿ, ಏಕೆಂದರೆ ವಾಂತಿಯ ಒಂದೊಂದು ಒತ್ತೂ ಕೊರಳಿಗೆ ಬೀಳುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಇಳಿದು ಹತ್ತು ಹೆಜ್ಜೆ. ಅಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ತಲೆಯ ಮೇಲಿಂದ ಎಳೆಯುವ ಬನಿಯನ್, ಟೀ ಶರ್ಟ್ ಹಾಕಿಕೊಂಡು ಹೋದರೆ ಬಾಗಿಲಲ್ಲೇ ಪೇಚಾಟ. ತೆಗೆಯಬೇಕಾದ್ದು ಅಂಗಿ, ಕಾಲರ್ ಅಲ್ಲ. ಪ್ರಸಾದಕ್ಕೆ ನೆಲದ ಪಂಕ್ತಿಯಲ್ಲಿ ಕೂತರೆ ಊಟ ಮುಗಿಯುವವರೆಗೂ ಕತ್ತು ಬಗ್ಗಿರುತ್ತದೆ, ಮೇಜು ಕುರ್ಚಿ ಕೇಳುವುದಕ್ಕೆ ನಾಚಿಕೆ ಬೇಡ. ವಾಪಸ್ಸು ಮೂಡಿಗೆರೆ ಕಡೆಯಿಂದ ಬರುವುದಾದರೆ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ. ಅಲ್ಲಿನ ನೀರ್‌ದೋಸೆ ನುಂಗಲು ಕಷ್ಟಪಡುವ ಗಂಟಲಿಗೂ ಇಳಿಯುತ್ತದೆ, ಚಟ್ನಿಯ ಖಾರ ಮಾತ್ರ ನೋಡಿಕೊಂಡು.