ಅಕ್ಕಿ ಡಬ್ಬದ ಮೇಲಿನ ಹೋಂವರ್ಕ್

ಆರನೇ ಕ್ಲಾಸಿನ ಆ ಹುಡುಗಿಯ ನೋಟ್‌ಬುಕ್ ಈಗಲೂ ಕಣ್ಣ ಮುಂದಿದೆ. ಶಾಲೆಯಲ್ಲಿ ಬರೆದ ಪುಟಗಳಲ್ಲಿ ಅಕ್ಷರ ದುಂಡಗೆ ಇರುತ್ತಿತ್ತು. ಮನೆಯಲ್ಲಿ ಬರೆದ ಪುಟದಲ್ಲಿ ಸಾಲು ನಡುವೆ ಕುಸಿದಿರುತ್ತಿತ್ತು. ಎಣ್ಣೆ ಕಲೆ ಬೇರೆ. "ಸುಮ್ನೆ ಗೀಚಿದ್ದೀಯಾ" ಅಂತ ಬೈದಿದ್ದೆ. ಎರಡು ಸಲ ಕ್ಲಾಸಿನಲ್ಲಿ ನಿಲ್ಲಿಸಿಯೂ ಇದ್ದೆ. ಅವಳು ಏನೂ ಹೇಳಲಿಲ್ಲ.

ನಾನು ಪಾಠ ಮಾಡುವುದು ಬೆಂಗಳೂರಿನ ಅಂಚಿನ ಸರ್ಕಾರಿ ಶಾಲೆಯಲ್ಲಿ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೇ ಇಲ್ಲಿ ಜಾಸ್ತಿ. ಆ ಹುಡುಗಿ ನಾಲ್ಕು ದಿನ ಬರಲಿಲ್ಲ. ಹುಡುಕಿಕೊಂಡು ಹೋದೆ.

ಖಾಲಿ ಸೈಟಿನಲ್ಲಿ ಸಾಲಾಗಿ ತಗಡಿನ ಶೆಡ್‌ಗಳು. ಅವಳದ್ದು ಹತ್ತಡಿಗೆ ಹತ್ತಡಿ ಇರಬಹುದು. ಅಪ್ಪ, ಅಮ್ಮ, ಅಜ್ಜಿ, ಮೂವರು ಮಕ್ಕಳು. ಮೂಲೆಯಲ್ಲಿ ಒಲೆ, ಹಗ್ಗದ ಮೇಲೆ ಬಟ್ಟೆ. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದು, ಒಳಗೆ ಐದು ನಿಮಿಷ ನಿಲ್ಲುವುದೂ ಕಷ್ಟವಾಯಿತು. ತಮ್ಮನಿಗೆ ಜ್ವರ. ಅಮ್ಮ ಮನೆಯಲ್ಲಿ ಕೂತರೆ ಕೂಲಿ ಹೋಗುತ್ತದೆ, ಹಾಗಾಗಿ ಇವಳು ಉಳಿದಿದ್ದಳು.

"ಎಲ್ಲಿ ಕೂತು ಬರೀತೀಯಮ್ಮ?" ಅಂತ ಕೇಳಿದೆ. ಅಕ್ಕಿ ಡಬ್ಬ ತೋರಿಸಿದಳು. ಅದರ ಮುಚ್ಚಳ ನಡುವೆ ತಗ್ಗಾಗಿತ್ತು. ಸಾಲು ಯಾಕೆ ಕುಸಿಯುತ್ತಿತ್ತು ಅಂತ ಆಗ ಗೊತ್ತಾಯಿತು. ಅಡುಗೆ, ಊಟ ಮುಗಿದ ಮೇಲೇ ಅವಳಿಗೆ ಜಾಗ ಸಿಗುವುದು.

"ಅಪ್ಪಗ ಮುಂಜಾನಿ ಲಗೂ ಏಳಬೇಕ್ರಿ ಮಿಸ್. ಒಂಬತ್ತಕ್ಕ ಲೈಟ್ ಬಂದ್ ಮಾಡ್ತೀವ್ರಿ."

ಇರುವುದು ಒಂದೇ ಬಲ್ಬು, ಅದೂ ಪಕ್ಕದ ಕಟ್ಟಡದಿಂದ ಎಳೆದ ವೈರಿನದು. 2023ರಲ್ಲಿ ಮನೆಗಳಿಗೆ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂತು. ಆದರೆ ಅದಕ್ಕೆ ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಬೇಕು. ಮೀಟರೇ ಇಲ್ಲದ ಮನೆಗೆ ಅದು ಎಲ್ಲಿಂದ ಬರಬೇಕು? ಬೆಳಗ್ಗೆ ಐದಕ್ಕೆ ನೀರಿನ ಟ್ಯಾಂಕರ್. ಕೊಡ ಹಿಡಿದು ನಿಲ್ಲುವವಳು ಇವಳೇ. ಮೊದಲ ಪೀರಿಯಡ್‌ನಲ್ಲಿ ತೂಕಡಿಸುವ ಮಕ್ಕಳನ್ನು ನಾನು ಸೋಮಾರಿಗಳು ಅಂದುಕೊಂಡಿದ್ದೆನಲ್ಲ, ಆ ನೋವು ಇನ್ನೂ ಹೋಗಿಲ್ಲ.

ಇದು ಒಂದು ಮನೆಯ ಕಥೆ ಅಲ್ಲ. 2011ರ ಜನಗಣತಿಯ ಪ್ರಕಾರ ದೇಶದ 100 ಕುಟುಂಬಗಳಲ್ಲಿ 37 ಕುಟುಂಬಗಳು ಒಂದೇ ಕೋಣೆಯಲ್ಲಿದ್ದವು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾನೂನು, ಮಾಲೀಕರು ಬಾಡಿಗೆ ಇಲ್ಲದೆ ತಾತ್ಕಾಲಿಕ ಮನೆ ಕೊಡಬೇಕು, ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಬೇರೆ ಬೇರೆ ಜಾಗ ಇರಬೇಕು ಅಂತ ಹೇಳಿತ್ತು. ಮಗು ಕೂತು ಓದುವ ಜಾಗದ ಮಾತು ಅದರಲ್ಲಿ ಇರಲಿಲ್ಲ.

ಹೆಡ್‌ಮಾಸ್ಟರ್ ಹತ್ತಿರ ಒಂದು ಕೋಣೆಯ ಕೀ ಕೇಳಿದೆ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಲ್ಲೇ ಕೂತು ಹೋಂವರ್ಕ್. ಮೊದಲ ವಾರ ಆರು ಮಕ್ಕಳು, ಆಮೇಲೆ ಹದಿನಾಲ್ಕು. ನಾನು ಹೊಸದಾಗಿ ಏನೂ ಕಲಿಸಲಿಲ್ಲ. ಬೆಂಚು, ಫ್ಯಾನು, ಟ್ಯೂಬ್‌ಲೈಟು ಇದ್ದವು, ಅಷ್ಟೇ. ಎರಡು ತಿಂಗಳಲ್ಲಿ ಅವಳ ಭಾಗಾಕಾರದ ಲೆಕ್ಕಗಳು ಸರಿಯಾಗತೊಡಗಿದವು.

ಜನವರಿಯಲ್ಲಿ ಆ ಕಟ್ಟಡದ ಕೆಲಸ ಮುಗಿಯಿತು. ಅವರು ಸರ್ಜಾಪುರದ ಕಡೆ ಹೊರಟರು. ಟಿಸಿ ಜೊತೆ ಪರೀಕ್ಷೆಗೆ ಒಯ್ಯುವ ಒಂದು ಪ್ಯಾಡ್ ಕೊಟ್ಟೆ. ಅದನ್ನು ಎದೆಗೆ ಒತ್ತಿಕೊಂಡು ಅವಳು ಹೇಳಿದಳು: "ಹೊಸಾ ಶೆಡ್‌ನಾಗ ಬಾಗಲದಾಗ ಕುಂಡ್ರತೀನ್ರಿ ಮಿಸ್. ಅಲ್ಲಿ ಬೀದಿ ಲೈಟ್ ಅದ ಅಂತ."