ಆರು ನಿಮಿಷದ ಮಾತುಕತೆ

ರೋಗಿಯನ್ನು ಮಾತಾಡಿಸುವುದನ್ನು ಕಲಿಸುವ ಕೋಣೆಯಲ್ಲಿ ಮೊದಲು ಸರಿಪಡಿಸಬೇಕಾದ್ದು ಕುರ್ಚಿ. ಮೇಜನ್ನು ನಡುವಿನಿಂದ ಪಕ್ಕಕ್ಕೆ ಸರಿಸಿ, ಒಂದೇ ಎತ್ತರದ ಎರಡು ಕುರ್ಚಿಗಳನ್ನು ತುಸು ಓರೆಯಾಗಿ ಇಡಬೇಕು. ನೇರ ಎದುರುಬದುರು ಕೂರಿಸಿದರೆ ಪೊಲೀಸ್ ವಿಚಾರಣೆಯಾಗಿಬಿಡುತ್ತದೆ. ಎಂಬಿಬಿಎಸ್ ಎರಡನೇ ವರ್ಷದ ಎಂಟು ಮಂದಿ, ರೋಗಿಯ ಪಾತ್ರ ಮಾಡುವ ಒಬ್ಬ ಹೆಂಗಸು, ಒಬ್ಬರು ಮೇಡಂ, ಮೂರು ಗಂಟೆ. ಆ ಬೆಳಗಿನ ತರಗತಿಗೆ ಬೇಕಾದದ್ದು ಇಷ್ಟೇ. ನೂರೈವತ್ತು ಜನರನ್ನು ಲೆಕ್ಚರ್ ಹಾಲಿನಲ್ಲಿ ತುಂಬಿಸಿ ಸಹಾನುಭೂತಿಯ ಸ್ಲೈಡ್ ತೋರಿಸುವುದೂ ಉಂಟು. ಅದರಿಂದ ಹಾಜರಿ ಪುಸ್ತಕ ತುಂಬುತ್ತದೆ, ಅಷ್ಟೆ.

2019ರಲ್ಲಿ ಹೊಸ ಪಠ್ಯಕ್ರಮದೊಂದಿಗೆ ಬಂದ ‘ಏಟ್‌ಕಾಮ್’ನಲ್ಲಿ ನಡವಳಿಕೆ, ನೀತಿ, ಸಂವಹನ ಕುರಿತ 27 ಪಾಠಗಳಿವೆ. ರೋಗಿಯಾಗಿರುವುದು ಎಂದರೇನು ಎಂಬ ಪಾಠ ಮೊದಲ ವರ್ಷದಲ್ಲೇ ಬರುತ್ತದೆ. ಅದು ಪುಸ್ತಕದಲ್ಲಿ ಎಷ್ಟೇ ಚೆನ್ನಾಗಿದ್ದರೂ ರೋಗಿಯ ಪಾತ್ರವನ್ನು ಸರಿಯಾಗಿ ಹೆಣೆಯದಿದ್ದರೆ ತರಗತಿ ನಾಟಕವಾಗುತ್ತದೆ.

ಅಂದಿನ ಪಾತ್ರ ಹೀಗಿತ್ತು: ಐವತ್ತೆಂಟರ ಹೊಲಗೆಲಸದ ಹೆಂಗಸು, ಸಕ್ಕರೆ ಕಾಯಿಲೆ, ಅಂಗಾಲಲ್ಲಿ ಮೂರು ವಾರದ ಹುಣ್ಣು, ಮಾತ್ರೆ ನಿಲ್ಲಿಸಿ ಎರಡು ತಿಂಗಳು. ನಿಲ್ಲಿಸಿದ್ದು ಮಗಳ ಬಾಣಂತನದ ಖರ್ಚಿಗಾಗಿ. ಆದರೆ ಇದನ್ನು ಆಕೆ ಸುಲಭಕ್ಕೆ ಬಿಟ್ಟುಕೊಡುವಂತಿಲ್ಲ. “ಮಾತ್ರೆ ಯಾಕೆ ಬಿಟ್ರಿ?” ಎಂದು ಗದರಿದರೆ “ಮರ್ತೋಯ್ತು ಸಾರ್” ಅನ್ನಬೇಕು. “ಮನೇಲಿ ಹೆಂಗೆ ನಡೀತಿದೆ ಅಮ್ಮ?” ಎಂದರೆ “ಮಗಳು ಬಾಣಂತನಕ್ಕೆ ಬಂದವ್ಳೆ” ಎಂದಷ್ಟೇ ಹೇಳಿ ತಲೆ ತಗ್ಗಿಸಬೇಕು. ಕೇಳುವವರು ಆಗ ಐದು ಸೆಕೆಂಡ್ ಸುಮ್ಮನಿದ್ದರೆ ಮಾತ್ರ ದುಡ್ಡಿನ ವಿಷಯ ಹೊರಬರುತ್ತದೆ. ಇಂಥ ಷರತ್ತುಗಳನ್ನು ಹಿಂದಿನ ದಿನವೇ ಅರ್ಧ ಗಂಟೆ ಕೂತು ಪಾತ್ರಧಾರಿಗೆ ಅಭ್ಯಾಸ ಮಾಡಿಸಿರಬೇಕು. ಇಲ್ಲದಿದ್ದರೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ, ಇಲ್ಲವೇ ಸೀರಿಯಲ್‌ನಂತೆ ಅಳುತ್ತಾರೆ.

ಒಬ್ಬೊಬ್ಬರಿಗೆ ಆರು ನಿಮಿಷ. ಉಳಿದವರಿಗೂ ಕೆಲಸವಿತ್ತು: ಒಬ್ಬರು ಹೌದು-ಇಲ್ಲ ಎಂದಷ್ಟೇ ಉತ್ತರ ಬರುವ ಪ್ರಶ್ನೆಗಳನ್ನು ಎಣಿಸಬೇಕು, ಒಬ್ಬರು ಕಣ್ಣು ಎಲ್ಲಿದೆ ಎಂದು ನೋಡಬೇಕು, ಒಬ್ಬರು ಮೊಬೈಲ್ ಸ್ಟಾಪ್‌ವಾಚ್ ಹಿಡಿದು ರೋಗಿಯ ಮಾತಿಗೆ ಮೊದಲ ಅಡ್ಡಿ ಯಾವಾಗ ಬಂತು ಎಂದು ಗುರುತಿಸಬೇಕು. ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈದ್ಯರು ಅಡ್ಡ ಬಂದದ್ದು ಸರಾಸರಿ 18 ಸೆಕೆಂಡಿಗೆ. ಇಲ್ಲಿ ಮೊದಲ ಹುಡುಗ ಬಾಯಿ ಹಾಕಿದ್ದು 11ಕ್ಕೆ.

ಅವನದೇ ಮಾತು: “ಇಷ್ಟು ದೊಡ್ಡ ಗಾಯ ಆಗೋವರೆಗೂ ಏನ್ ಮಾಡ್ತಿದ್ರಿ?” ಹುಡುಗ ಒರಟನಲ್ಲ. ಸಕ್ಕರೆ ಕಾಯಿಲೆಯಲ್ಲಿ ನರ ಸೋತು ಪಾದಕ್ಕೆ ನೋವೇ ಗೊತ್ತಾಗುವುದಿಲ್ಲ, ಅದಕ್ಕೇ ತಡವಾಗಿ ಬರುತ್ತಾರೆ ಎಂಬುದನ್ನು ಅವನು ಪರೀಕ್ಷೆಗಾಗಿ ಓದಿದ್ದಾನೆ, ಆ ಗಳಿಗೆಗೆ ನೆನಪಾಗಲಿಲ್ಲ. ಎಷ್ಟೋ ಸಲ ಕರುಣೆಗಿಂತ ಮೊದಲು ಕೊರತೆಯಾಗುವುದು ರೋಗಶಾಸ್ತ್ರ. ಎರಡನೆಯವಳ ತಪ್ಪು ಬೇರೆ: “ಏನೂ ಆಗಲ್ಲ, ಹೆದರ್ಬೇಡಿ.” ಕಾಲು ಉಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲದಿರುವಾಗ ಕೊಡುವ ಈ ಭರವಸೆ ರೋಗಿಯ ಮುಂದಿನ ಪ್ರಶ್ನೆಗೆ ಬಾಗಿಲು ಹಾಕುತ್ತದೆ. ಬದಲಿಗೆ ಕಂಡದ್ದನ್ನೇ ಹೇಳಬಹುದು: “ಕಾಲಿನ ಬಗ್ಗೆ ತುಂಬ ಭಯ ಇದ್ದಂಗಿದೆ.” ಹೇಳಿ ನಿಲ್ಲಿಸಬೇಕು. ಆ ನಿಲ್ಲಿಸುವುದೇ ಅತಿ ಕಷ್ಟ. ಹೊರರಾಜ್ಯದವರಿಗಂತೂ ಕಲಿತ ಕನ್ನಡದ ಪ್ರಶ್ನೆ ಮುಗಿದ ಕೂಡಲೇ ಕಣ್ಣು ಅಟೆಂಡರ್ ಕಡೆ ಓಡುತ್ತದೆ. ಅನುವಾದಿಸುವವರು ಯಾರೇ ಇರಲಿ, ರೋಗಿಯ ಮುಖ ನೋಡಿಯೇ ಮಾತಾಡಬೇಕು.

ಪ್ರತಿ ಸರದಿಯ ನಂತರ ಹದಿನೈದು ನಿಮಿಷ ಚರ್ಚೆ. ಇಲ್ಲಿ ಸರದಿಯ ಕ್ರಮ ಮುಖ್ಯ. ಮೊದಲು, ರೋಗಿಯನ್ನು ಮಾತಾಡಿಸಿದ ವಿದ್ಯಾರ್ಥಿ, ಆಮೇಲೆ ರೋಗಿ (ಪಾತ್ರದಲ್ಲೇ ಇದ್ದು, “ಆಗ ನನಗೆ ಹಿಂಗನ್ನಿಸ್ತು” ಎಂದು), ಆಮೇಲೆ ನೋಡಿದವರು. ಮೇಡಂ ಕೊನೆಗೆ. ಅವರೇ ಮೊದಲು ಬಾಯಿ ಬಿಟ್ಟರೆ ಉಳಿದವರೆಲ್ಲ ತಲೆಯಾಡಿಸುತ್ತಾರೆ. ಮುಗಿದ ಮೇಲೆ ಸಿಕ್ಕಿಹಾಕಿಕೊಂಡ ಜಾಗದಿಂದ ಒಂದು ನಿಮಿಷ ಮತ್ತೆ ಆಡಿಸಬೇಕು. ಇದನ್ನು ಬಿಟ್ಟರೆ ತಪ್ಪು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಮನೆಯಲ್ಲಿ ಇಂಥದ್ದೇ ಕಾಯಿಲೆ ಇರುವ ವಿದ್ಯಾರ್ಥಿ ಕಾರಣ ಹೇಳದೆ ಎದ್ದು ಹೋಗಬಹುದೆಂದು ಮೊದಲೇ ತಿಳಿಸಿರಬೇಕು. ಪಾತ್ರಧಾರಿಯೂ ಕೊನೆಗೆ ತಮ್ಮ ನಿಜವಾದ ಹೆಸರು ಹೇಳಿ ಪಾತ್ರದಿಂದ ಹೊರಬರಬೇಕು.

ಇದನ್ನೆಲ್ಲ ಅಳಿಸಿಹಾಕುವ ಶಕ್ತಿ ವಾರ್ಡಿಗಿದೆ. ರೌಂಡ್ಸ್‌ನಲ್ಲಿ “ಹದಿನಾಲ್ಕನೇ ಬೆಡ್ಡಿನ ಕಾಲು” ಎಂದು ಸೀನಿಯರ್ ಕರೆದದ್ದು ಜೂನಿಯರ್‌ಗೆ ಅಂಟುತ್ತದೆ. ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳ ಸಹಾನುಭೂತಿಯ ಅಂಕ ಮೂರನೇ ವರ್ಷದಲ್ಲಿ, ಅಂದರೆ ರೋಗಿಗಳ ನಡುವೆ ಕಲಿಯುವ ಹೊತ್ತಿನಲ್ಲೇ, ಇಳಿದದ್ದನ್ನು ಹೊಜಾತ್ ಎಂಬ ಸಂಶೋಧಕರ ತಂಡ 2009ರಲ್ಲಿ ವರದಿ ಮಾಡಿತು. ಹಾಗಾಗಿ ಪಿಜಿ (ಸ್ನಾತಕೋತ್ತರ) ವೈದ್ಯರನ್ನೂ ಸ್ಟಾಫ್ ನರ್ಸ್‌ಗಳನ್ನೂ ಈ ಕೋಣೆಗೆ ಕರೆಯುವುದು ಒಳ್ಳೆಯದು. ಜನ ಕಿಕ್ಕಿರಿದ ಓಪಿಡಿಯಲ್ಲಿ ಆರು ನಿಮಿಷ ಎಲ್ಲಿಂದ ಬರಬೇಕು ಎಂದು ಅವರು ಕೇಳುತ್ತಾರೆ, ಆ ಪ್ರಶ್ನೆ ನ್ಯಾಯವಾದದ್ದೇ. ಹೆಸರು ಹಿಡಿದು ಮಾತಾಡಿಸುವುದು, ಪರದೆ ಎಳೆಯುವುದು, “ನೋಡಬಹುದಾ ಅಮ್ಮ?” ಎಂದು ಕೇಳಿ ಮುಟ್ಟುವುದು, ಇಷ್ಟಕ್ಕೆ ಹೆಚ್ಚು ಸಮಯ ಬೇಡ. ಉಳಿದದ್ದಕ್ಕೆ ಬೇಕು.

ಅಂಕದ ವಿಷಯದಲ್ಲಿ ಜಾಗ್ರತೆ. ‘ಸಹಾನುಭೂತಿ ತೋರಿದರು: 1 ಅಂಕ’ ಎಂದು ಪಟ್ಟಿಯಲ್ಲಿ ಬರೆದರೆ ಎಲ್ಲರೂ “ನಿಮ್ಮ ಕಷ್ಟ ಅರ್ಥವಾಗುತ್ತೆ” ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಪಾತ್ರಧಾರಿಯನ್ನು “ಇವರ ಹತ್ತಿರ ಇನ್ನೊಂದು ಸಲ ಬರ್ತೀರಾ?” ಎಂದು ಕೇಳಿ ಅಂಕ ಕೊಡುವುದು ಮೇಲು. ಮುಂದಿನ ವಾರದ ಕೆಲಸಕ್ಕಂತೂ ಅಂಕವೇ ಇಲ್ಲ: ಏಪ್ರನ್ ಇಲ್ಲದೆ, ಒಪ್ಪಿದ ಒಬ್ಬ ರೋಗಿಯ ಜೊತೆ ಚೀಟಿ ಕೌಂಟರಿನಿಂದ ಔಷಧಿ ಕಿಟಕಿಯವರೆಗೆ ನಡೆದು, ಎಲ್ಲಿ ಎಷ್ಟು ಹೊತ್ತು ನಿಂತರು, ಎಷ್ಟು ದುಡ್ಡು ಕೊಟ್ಟರು, ಯಾರು ಗದರಿದರು ಎಂದು ಬರೆದು ತರಬೇಕು.